ಹೆಬ್ಬೆರಳು ಹಿಡಿಸುವಷ್ಟು

ಎರಡನೆಯ ಆಟ ಮುಗಿಯುವ ಹೊತ್ತಿಗೆ ಹೆಬ್ಬೆರಳು ತನ್ನದಲ್ಲ ಅನ್ನಿಸತೊಡಗಿತ್ತು. ಗೆಣ್ಣಿನ ಕೆಳಗೆ, ಚೆಂಡಿನ ತೂತಿನ ಅಂಚು ಒತ್ತುವ ಜಾಗದಲ್ಲಿ, ಒಂದು ಕೆಂಪು ಬಳೆ ಮೂಡಿತ್ತು. ಅದರ ಆಚೀಚೆ ಚರ್ಮ ಬಿಗಿದು ಹೊಳೆಯುತ್ತಿತ್ತು. ಅವಳು ಅದನ್ನು ತಣ್ಣೀರಿನ ಬಾಟಲಿಗೆ ಒತ್ತಿಕೊಂಡು ಕೂತಿದ್ದಳು. ಸುಮ್ಮನೆ ಬಾಟಲಿ ಹಿಡಿದು ಕೂತರೆ ನಾದಿನಿಗೆ ಗೊತ್ತಾಗಿಬಿಡುತ್ತದೆಂದು ಆಗಾಗ ಒಂದು ಗುಟುಕು ಕುಡಿಯುತ್ತಿದ್ದಳು; ಕುಡಿದೂ ಕುಡಿದೂ ಹೊಟ್ಟೆ ಭಾರವಾಗಿ, ಇದ್ದ ಸಂಕಟ ಸಾಲದೆಂದು ಇನ್ನೊಂದು ಸೇರಿಕೊಂಡಿತ್ತು. ಭಾನುವಾರದ ಮಧ್ಯಾಹ್ನ, ಬೌಲಿಂಗ್ ಹಾಲ್ ತುಂಬ ಜನ. ಎಣ್ಣೆ ಸವರಿದ ಉದ್ದುದ್ದ ಮರದ ಲೇನ್‌ಗಳು, ಒಂದೊಂದರ ಕೊನೆಗೂ ಹತ್ತು ಬಿಳಿಯ ಪಿನ್ನುಗಳು, ಚೆಂಡು ಬಡಿದಾಗಲೆಲ್ಲ ಅಟ್ಟದಿಂದ ಪಾತ್ರೆಗಳು ಒಟ್ಟಿಗೇ ಉರುಳಿದಂಥ ಸದ್ದು. ಇವತ್ತು ಲೀಗ್‌ನ ಫೈನಲ್. ಒಂದು ಕಡೆ ಇವರ ಮನೆಯ ತಂಡ: ಗಂಡ, ಗಂಡನ ತಂಗಿ, ಅವಳು. ಇನ್ನೊಂದು ಕಡೆ ಬೇಕರಿಯವರು. ಮೂರು ಆಟಗಳಲ್ಲಿ ಮೂವರೂ ಬೀಳಿಸಿದ್ದನ್ನೆಲ್ಲ ಕೂಡಿಸಿ ಯಾರದು ಹೆಚ್ಚೋ ಅವರು ಗೆದ್ದ ಹಾಗೆ. ಬೇಕರಿಯವರು ಸ್ವಲ್ಪವೇ ಮುಂದಿದ್ದರು, ಅವರನ್ನು ಮುಂದೆ ಬಿಟ್ಟವರು ಯಾರೆಂಬುದು ಮೇಲಿನ ಪರದೆಯಲ್ಲಿ ಎಲ್ಲರಿಗೂ ಕಾಣುವಂತೆ ಮಿನುಗುತ್ತಿತ್ತು. ಅದನ್ನು ಅವಳು ಒಮ್ಮೆ ನೋಡಿ ಆಮೇಲೆ ನೋಡಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯ ಮುಂದೆ ನಿಂತು ಅವಳು ಒಂದು ನಿರ್ಧಾರ ಮಾಡಿದ್ದಳು. ಈ ವರ್ಷವಿಡೀ ಪ್ರತಿ ಪಂದ್ಯದಲ್ಲೂ ಮೂರನೆಯ ಆಟಕ್ಕೆ ಅವಳ ಬೆರಳು ಊದಿಕೊಂಡು ಅವಳ ಜಾಗದಲ್ಲಿ ಇನ್ನೊಬ್ಬಳು ಇಳಿದಿದ್ದಳು. ಇವತ್ತು ಏನೇ ಆಗಲಿ, ಮೂರನೆಯ ಆಟ ತಾನೇ ಆಡುವುದು. ಬಾಯಲ್ಲಿ ನೊರೆ ಇದ್ದದ್ದರಿಂದ ಅದನ್ನು ಜೋರಾಗಿ ಹೇಳಿಕೊಳ್ಳಲು ಆಗಿರಲಿಲ್ಲ, ಅಷ್ಟೆ.

ಚೆಂಡು ಅವಳ ಕಾಲ ಬಳಿಯ ಚೀಲದಲ್ಲಿತ್ತು. ಕಡುನೀಲಿ, ಒಳಗೆ ಬೂದುಬಣ್ಣದ ಹೊಗೆ ಸುತ್ತಿಕೊಂಡಂತಿರುವ ಚೆಂಡು. ಮೂರು ತೂತು, ಎರಡು ನಡುಬೆರಳುಗಳಿಗೆ, ಒಂದು ಹೆಬ್ಬೆರಳಿಗೆ. ಆಟದ ಗುಟ್ಟೆಲ್ಲ ಹೆಬ್ಬೆರಳಿನಲ್ಲಿ. ಕೈ ಬೀಸಿ ಬಿಡುವಾಗ ಅದು ಮೊದಲು, ಯಾರಿಗೂ ಹೇಳದೆ ಕೇಳದೆ, ಹೊರಗೆ ಬಂದುಬಿಡಬೇಕು. ಅದು ಒಂದು ಚೂರು ತಡಮಾಡಿದರೆ ಚೆಂಡು ಬೇಕಾದ ಕಡೆ ಹೋಗುವುದಿಲ್ಲ. ಅವಳ ಹೆಬ್ಬೆರಳು ತಡಮಾಡುತ್ತಲೇ ಇತ್ತು. ತೂತಿನ ಒಳಗೆ ಹಚ್ಚಿದ ಅಂಟುಪಟ್ಟಿಗಳನ್ನು, ಬೆರಳು ಊದಿದಂತೆಲ್ಲ ಜಾಗ ಆಗಲೆಂದು, ಒಂದೊಂದಾಗಿ ಚಿಮಟದಲ್ಲಿ ಕಿತ್ತುಹಾಕಿದ್ದಳು. ಈಗ ಕೀಳಲು ಏನೂ ಉಳಿದಿರಲಿಲ್ಲ. ಆ ಚೆಂಡು ನಾದಿನಿ ಕೊಟ್ಟದ್ದು. ಎರಡು ವರ್ಷದ ಹಿಂದೆ, ಮನೆಯಲ್ಲಿ ಎಲ್ಲರೂ ಕೂತಿರುವಾಗ, ಚೀಲದ ಸಮೇತ ತಂದು ಮೇಜಿನ ಮೇಲಿಟ್ಟು, "ಅತ್ತಿಗೆ, ಇನ್ಮೇಲೆ ಇದು ನಿಮ್ದು. ನನಗೆ ಹೊಸದು ತಗೊಂಡೆ" ಅಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವಳು ಅಲ್ಲೇ ಮೂರು ಬೆರಳೂ ತೂರಿಸಿ ಎತ್ತಿದಾಗ ಅಂಗೈ ಚಾಚಿ, ಹೆಬ್ಬೆರಳಿನ ಬುಡದಲ್ಲಿ ಏನೋ ಎಳೆದಂತಾಯಿತು. "ಹೇಗಿದೆ?" ಎಂದು ಕೇಳಿದ್ದರು. "ಸರಿಯಾಗಿದೆ" ಅಂದಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತೆ ಇದೇ ನಾದಿನಿ ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ಚಳಿಗಾಲದ ಕೋಟನ್ನು ಕೊಟ್ಟಾಗಲೂ ಹೀಗೇ. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೇ ನಿಂತುಬಿಟ್ಟಿತ್ತು. ಅತ್ತೆ ದೂರ ನಿಂತು, ತಲೆ ಓರೆ ಮಾಡಿ, "ನಿನಗೇ ಹೊಲಿಸಿದ ಹಾಗಿದೆ ನೋಡು" ಅಂದಿದ್ದರು, ಅವಳು ಹೌದೆಂದಿದ್ದಳು, ಆ ಚಳಿಗಾಲ ಪೂರ್ತಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದಿದ್ದಳು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಎಣಿಸುವುದು ಬೇಡ ಸರಿ, ಆದರೆ ಅದು ಕಚ್ಚುತ್ತಿದ್ದರೆ?

ನಗು ಬರುವ ಸಂಗತಿಯೆಂದರೆ ಅವಳ ಕೆಲಸವೇ ಇದು. ಪಾದರಕ್ಷೆಯ ಅಂಗಡಿಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತು ಇಡೀ ದಿನ ಜನರ ಕಾಲು ಹಿಡಿಯುತ್ತಾಳೆ. ಶೂ ಹಾಕಿಸಿ, ತುದಿಯಲ್ಲಿ ತನ್ನ ಇದೇ ಹೆಬ್ಬೆರಳು ಒತ್ತಿ ಒಳಗೆ ಎಷ್ಟು ಜಾಗ ಉಳಿದಿದೆ ನೋಡುತ್ತಾಳೆ. "ಎದ್ದು ನಾಲ್ಕು ಹೆಜ್ಜೆ ನಡೀರಿ" ಎನ್ನುತ್ತಾಳೆ. ನಡೆಯುವವರ ಕಾಲನ್ನಲ್ಲ, ಮುಖವನ್ನು ನೋಡುತ್ತಾಳೆ. ಸರಿಯಾಗಿದೆ ಎಂದು ಸುಳ್ಳು ಹೇಳುವವರ ಹುಬ್ಬು ಒಂದು ಕ್ಷಣ ಮೇಲೇರಿ ಇಳಿಯುತ್ತದೆ. ಅದು ಅವಳಿಗೆ ತಪ್ಪುವುದೇ ಇಲ್ಲ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತಲ್ವಾ?" ಎಂದು ಕೇಳಿದರೆ, "ಚರ್ಮ ಸಡಿಲ ಆಗುತ್ತೆ, ಆದ್ರೆ ಅದು ಶೂದೋ ನಿಮ್ದೋ ಹೇಳೋಕಾಗಲ್ಲ" ಎನ್ನುತ್ತಾಳೆ. ಬೆಳಿಗ್ಗೆ ಬಂದವರನ್ನು ಸಂಜೆ ಬನ್ನಿ, ಸಂಜೆಗೆ ಕಾಲು ಊದಿರುತ್ತೆ ಎಂದು ವಾಪಸು ಕಳಿಸಿದ್ದೂ ಇದೆ. ಮಾಲೀಕ ಗಲ್ಲಾದ ಹಿಂದಿನಿಂದ, "ನೀನು ಒಂದಿನ ನನ್ನ ಅಂಗಡಿಗೆ ಬಾಗಿಲು ಹಾಕಿಸ್ತೀಯ ನೋಡು" ಎಂದು ಗೊಣಗುತ್ತಾನೆ, ಆದರೂ ಬೇರೆ ಯಾರನ್ನೂ ಆ ಸ್ಟೂಲಿನ ಮೇಲೆ ಕೂರಿಸುವುದಿಲ್ಲ. ಇಂಥ ಬಾಯಿ ಅಂಗಡಿಯ ಬಾಗಿಲು ದಾಟಿದ ಕೂಡಲೇ ಎಲ್ಲಿ ಹೋಗಿ ಅಡಗುತ್ತದೋ ಅವಳಿಗೇ ತಿಳಿಯದು. ಊರವರ ಕಾಲಿನ ನೋವು ಹೇಳದೆಯೂ ಗೊತ್ತಾಗುವವಳಿಗೆ ಸ್ವಂತ ಕೈಯ ನೋವು ಹೇಳಲು ಬಾಯಿ ಬಾರದು ಎಂದರೆ ಅದನ್ನು ಒಳ್ಳೆಯತನ ಎನ್ನಬೇಕೋ ಹೇಡಿತನ ಎನ್ನಬೇಕೋ. ಮೊದಮೊದಲು ಒಳ್ಳೆಯತನವೇ ಎಂದುಕೊಂಡಿದ್ದಳು. ಈಚೆಗೆ ಅನುಮಾನ.

ಒಂದೇ ಒಂದು ಸಲ ಬಾಯಿ ಬಿಟ್ಟಿದ್ದಳು. ಅದೂ ಗಂಡನ ಹತ್ತಿರ, ದೀಪ ಆರಿಸಿದ ಮೇಲೆ, ಗೋಡೆಯ ಕಡೆ ತಿರುಗಿ: "ಆ ಚೆಂಡು ನನ್ನ ಕೈಗೆ ಅಷ್ಟು ಹೊಂದಲ್ಲವೇನೋ." ಅವನು ನಿದ್ದೆಗಣ್ಣಲ್ಲೇ ನಕ್ಕು, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ಮಗ್ಗುಲು ಬದಲಾಯಿಸಿದ. ಕೆಟ್ಟವನಲ್ಲ. ನಗಿಸುವುದು ಅವನ ಚಟ, ನಗುವುದು ಅವಳ ಅಭ್ಯಾಸ. ಕಳೆದ ವರ್ಷ ಇದೇ ಹಾಲ್‌ನಲ್ಲಿ ಬೆರಳು ತೂತಿನಲ್ಲಿ ಸಿಕ್ಕಿಹಾಕಿಕೊಂಡು, ಚೆಂಡು ಅವಳನ್ನು ಎಳೆದುಕೊಂಡೇ ಗೆರೆ ದಾಟಿ, ಎಣ್ಣೆ ಸವರಿದ ಲೇನ್ ಮೇಲೆ ಹೊಟ್ಟೆ ಅಡಿಯಾಗಿ ಜಾರಿದ್ದಳು. ಬಿದ್ದದ್ದಕ್ಕಿಂತ ಏಳುವುದು ಕಷ್ಟವಾಗಿತ್ತು. ಅಂಗೈ ಊರಿದರೆ ಅಂಗೈ ಜಾರುತ್ತದೆ, ಮೊಣಕಾಲು ಊರಿದರೆ ಮೊಣಕಾಲು. ಪಕ್ಕದ ಲೇನ್‌ನ ಮಕ್ಕಳು ಶಿಳ್ಳೆ ಹಾಕಿದವು. ಆ ಕಥೆ ಅವನು ಮನೆಗೆ ಬಂದವರಿಗೆಲ್ಲ ಹೇಳಿದ. "ಚೆಂಡಿನ ಜೊತೆ ಇವಳೂ ಹೊರಟಿದ್ದಳು, ನಾನೇ ಕರೆದು ನಿಲ್ಲಿಸಿದೆ." ಕೇಳಿದವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಒಮ್ಮೆ ಅವನು ಹೇಳಲು ಮರೆತಾಗ "ಆ ಕಥೆ ಹೇಳ್ರೀ" ಎಂದು ತಾನೇ ನೆನಪಿಸಿದ್ದಳು. ಆ ಮಾತು ಈಗ, ಬಾಟಲಿಯ ತಣ್ಣನೆಯ ಪ್ಲಾಸ್ಟಿಕ್ಕಿಗೆ ಬೆರಳು ಒತ್ತಿಕೊಂಡಿರುವಾಗ ನೆನಪಾಗಿ, ಕಿವಿಯ ತುದಿಯವರೆಗೆ ಬಿಸಿಯಾಯಿತು. ಬಿದ್ದದ್ದಕ್ಕೆ ಅವಳಿಗೆ ನಾಚಿಕೆಯಿರಲಿಲ್ಲ. ನೆನಪಿಸಿದ್ದಕ್ಕೆ ಇತ್ತು.

"ಅತ್ತಿಗೆ, ಕೈ ತೋರಿಸಿ."

ನಾದಿನಿ ಎದುರಿಗೆ ನಿಂತಿದ್ದಳು. ತಂಡದ ನಾಯಕಿ, ಎತ್ತರದ ಹುಡುಗಿ. ಹುಡುಗಿ ಎಂದರೆ ನಲವತ್ತಾಗಿದೆ, ಆದರೆ ಈ ಮನೆಯಲ್ಲಿ ಅವಳು ಯಾವತ್ತಿಗೂ ಹುಡುಗಿಯೇ. ಕೈ ತೋರಿಸದೆ ವಿಧಿಯಿರಲಿಲ್ಲ. ನಾದಿನಿ ಬೆರಳನ್ನು ಮುಟ್ಟಲಿಲ್ಲ, ನೋಡಿದಳು ಅಷ್ಟೆ, ನೋಡಿ ಬೇಗ ಕಣ್ಣು ಬೇರೆಡೆ ಹೊರಳಿಸಿದಳು.

"ಇದರಲ್ಲಿ ಹೇಗೆ ಆಡ್ತೀರಿ? ಕೂತ್ಕೊಳ್ಳಿ. ಇವಳು ಇಳೀತಾಳೆ."

ಇವಳು ಎಂದರೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾದಿನಿಯ ಆಫೀಸಿನ ಗೆಳತಿ. ಇಡೀ ವರ್ಷ ಬದಲಿ ಆಟಗಾರ್ತಿಯಾಗಿ ಕಾದು ಕಾದು ಅವಳಿಗೆ 'ಬದಲಿ' ಎಂದೇ ಹೆಸರು ಬಿದ್ದಿತ್ತು. ಒಳ್ಳೆಯ ಹೆಂಗಸು, ಆದರೆ ಆಗಲೇ ಶೂ ಹಾಕಿಕೊಂಡು ದಾರ ಕಟ್ಟುತ್ತಿದ್ದಳು. ತನ್ನನ್ನು ಕೇಳುವ ಮೊದಲೇ ಅವಳಿಗೆ ಹೇಳಿಯಾಗಿದೆ ಎಂಬುದು ಆ ದಾರದಿಂದ ತಿಳಿಯಿತು.

"ನಾನೇ ಆಡೋಣ ಅಂತಿದ್ದೆ," ಎಂದಳು. ದನಿ ತನಗೇ ಕೇಳಿಸದಷ್ಟು ಸಣ್ಣಗಿತ್ತು.

"ಫೈನಲ್ ಅತ್ತಿಗೆ," ಎಂದಳು ನಾದಿನಿ. ಸಿಟ್ಟಿನಿಂದಲ್ಲ, ಮಗುವಿಗೆ ಹೇಳುವಂತೆ.

ಗಂಡ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಬಂದ. "ಸುಮ್ನೆ ಕೂತ್ಕೊಳ್ಳೇ. ಮತ್ತೆ ಚೆಂಡಿನ ಜೊತೆ ನೀನೂ ಹೊರಟರೆ ಹಿಡಿಯೋರು ಯಾರು?" ಬದಲಿ ನಕ್ಕಳು. ತನ್ನ ತುಟಿಯೂ ನಗಲು ತಯಾರಾಯಿತು, ಅಭ್ಯಾಸಬಲ. ಅದನ್ನು ಅಲ್ಲೇ ತಡೆದಳು. ಬಲವಂತದಿಂದ ಹಿಡಿದ ನಗು ಕೆನ್ನೆಯಲ್ಲಿ ನೋಯಿತು.

"ಆಟ ಶುರು ಆಗೋಕೆ ಇನ್ನೂ ಹೊತ್ತಿದೆ. ಕೊರಕನ ಹತ್ರ ಹೋಗಿ ಬರ್ತೀನಿ. ಅಲ್ಲೀವರೆಗೆ ನನ್ನ ಹೆಸರು ತೆಗೀಬೇಡ," ಎಂದು ಚೀಲ ಎತ್ತಿಕೊಂಡಳು. ನಾದಿನಿ "ಕೊರಕನ ಹತ್ರ ಯಾಕೆ?" ಎಂದದ್ದು ಬೆನ್ನ ಹಿಂದೆ ಕೇಳಿಸಿತು. ಆ ದನಿಯಲ್ಲಿ ಏನೋ ಅವಸರವಿತ್ತು, ಆದರೆ ಆಗ ಅವಳಿಗೆ ಅದು ತಟ್ಟಲಿಲ್ಲ.

ಕೊರಕನ ಕೋಣೆ ಹಾಲ್‌ನ ಹಿಂಬದಿಗೆ, ಶೂ ಬಾಡಿಗೆಗೆ ಕೊಡುವ ಕಟ್ಟೆ ದಾಟಿದ ಮೇಲೆ. ಚೆಂಡುಗಳಿಗೆ ತೂತು ಕೊರೆಯುವುದು ಅವನ ಕೆಲಸ. ಸಿಕ್ಕವರ ತಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಕೊರೆಯುತ್ತಾನೆಂದು ಜನ ಆ ಹೆಸರಿಟ್ಟಿದ್ದರು, ಅವನೇ ಅದನ್ನು ಸಂತೋಷದಿಂದ ಒಪ್ಪಿಕೊಂಡಿದ್ದ. ಕೋಣೆಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ನೆಲದ ಮೇಲೆ ಬಣ್ಣಬಣ್ಣದ ಪುಡಿ, ಕೊರೆಯುವ ಯಂತ್ರದ ಕೆಳಗೆ ಯಾರದೋ ಅರ್ಧ ಮುಗಿದ ಚೆಂಡು ಒಂದೇ ಕಣ್ಣು ಬಿಟ್ಟುಕೊಂಡು ಕೂತಿತ್ತು. ಎರಡು ವರ್ಷದಲ್ಲಿ ಅವಳು ಒಳಗೆ ಕಾಲಿಟ್ಟಿರಲಿಲ್ಲ. ಇಟ್ಟರೆ ನಾದಿನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಬೇಸರವಾಗುತ್ತದೆ ಎಂದು. ಚೆಂಡನ್ನು ಮೇಜಿನ ಮೇಲಿಟ್ಟು, "ಹೆಬ್ಬೆರಳಿನ ತೂತು ಸ್ವಲ್ಪ ಅಗಲ ಮಾಡಿಕೊಡ್ತೀರಾ? ಮೂರನೇ ಆಟ ಶುರುವಾಗೋದ್ರೊಳಗೆ ಆಗುತ್ತಾ?" ಎಂದಳು. ಬಹಳ ಸುಲಭವಾಗಿ ಬಂತು ಮಾತು. ಅಪರಿಚಿತರ ಎದುರು ಯಾವಾಗಲೂ ಸುಲಭವೇ.

ಕೊರಕ ಕನ್ನಡಕ ಹಣೆಗೇರಿಸಿ ಅವಳ ಕೈ ನೋಡಿದ, ಆಮೇಲೆ ಚೆಂಡು ನೋಡಿದ, ಆಮೇಲೆ ಮತ್ತೆ ಕೈ. "ಹಾಕಿ ತೋರಿಸಿ" ಎಂದ. ಅವಳು ನಡುಬೆರಳು ತೂರಿಸಿ, ಅಂಗೈ ಚಾಚಿ, ಹಲ್ಲು ಕಚ್ಚಿ ಹೆಬ್ಬೆರಳನ್ನು ಅರ್ಧ ಇಳಿಸಿದಳು. ಅವನು ಅಂಗೈಗೂ ಚೆಂಡಿಗೂ ನಡುವೆ ಒಂದು ಪೆನ್ಸಿಲು ತೂರಿಸಲು ನೋಡಿದ. ಹೋಗಲಿಲ್ಲ.

"ತೂತಿಂದು ತಪ್ಪಲ್ಲಮ್ಮ. ಅಗಲ ಮಾಡಿದ್ರೆ ಇನ್ನೊಂದು ನಾಲ್ಕು ಸಲ ಬಿಡ್ತೀರಿ, ಆಮೇಲೆ ಮತ್ತೆ ಊದುತ್ತೆ. ಚಾಚು ಜಾಸ್ತಿ ಇದೆ ನೋಡಿ. ಈ ತೂತಿಂದ ಆ ತೂತಿಗೆ ಇರೋ ದೂರ ನಿಮ್ಮ ಕೈಗೆ ಮೀರಿದ್ದು. ಕೈ ಎಳೆಯುತ್ತೆ, ಹೆಬ್ಬೆರಳು ನೆಟ್ಟಗೆ ಕೂರಲ್ಲ. ಚೆಂಡು ಬಿದ್ದೀತು ಅಂತ ನೀವು ಗೆಣ್ಣು ಮಡಿಚಿ ಅದುಮಿ ಹಿಡೀತೀರಿ. ಅದುಮಿದಷ್ಟೂ ಊತ, ಊದಿದಷ್ಟೂ ಅದುಮೋದು. ಇದನ್ನ ಪೂರ್ತಿ ತುಂಬಿ ಹೊಸದಾಗಿ ಕೊರೀಬೇಕು. ಇವತ್ತಾಗಲ್ಲ, ತುಂಬಿದ್ದು ಗಟ್ಟಿಯಾಗೋಕೇ ಒಂದು ದಿನ ಬೇಕು."

"ನನ್ನ ನಾದಿನಿಗೆ ಅಂತ ಕೊರೆದದ್ದು. ಅವಳ ಕೈ ದೊಡ್ಡದು."

ಕೊರಕ ನಕ್ಕ. "ಅವರ ಕೈಗೂ ಇದು ದೊಡ್ಡದೇ. ಕೊರೆದವನು ನಾನೇ ಅಲ್ವಾ? ಅಳತೆ ತಗೊಳ್ಳೋವಾಗ ಕೈ ಚಾಚಿಬಿಟ್ಟರು. ಅವರೊಬ್ಬರೇ ಅಲ್ಲ, ಅಳತೆಪಟ್ಟಿ ಕಂಡ ಕೂಡಲೇ ಎಲ್ಲರೂ ಕೈ ದೊಡ್ಡದು ಮಾಡ್ತಾರೆ. ಸಡಿಲ ಬಿಡಿ ಅಂದೆ, ಕೇಳಲಿಲ್ಲ. ಒಂದು ತಿಂಗಳು ಆಡಿದರು, ಅವರ ಬೆರಳೂ ಹೀಗೇ ಆಯ್ತು. ತನ್ನಿ, ತುಂಬಿ ಮತ್ತೆ ಕೊರೆದುಕೊಡ್ತೀನಿ, ನಂದೂ ತಪ್ಪಿದೆ ಅಂದೆ. 'ಬೇಡ ಬಿಡಿ, ಅತ್ತಿಗೆಗೆ ಕೊಟ್ಟುಬಿಡ್ತೀನಿ, ಅವರು ಏನು ಕೊಟ್ಟರೂ ಬೇಡ ಅನ್ನಲ್ಲ' ಅಂದರು." ಹೇಳಿ ಮುಗಿಸಿದ ಮೇಲೆ ಅವನಿಗೆ ಎದುರಿಗೆ ನಿಂತಿರುವವಳು ಯಾರೆಂದು ಹೊಳೆದಿರಬೇಕು. ಕನ್ನಡಕ ಕಣ್ಣಿಗೆ ಇಳಿಸಿಕೊಂಡು ಮೇಜಿನ ಮೇಲಿನ ಪುಡಿ ಗುಡಿಸತೊಡಗಿದ.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಆಶ್ಚರ್ಯ. ಅಳತೆ ಕೊಡುವಾಗ ಕೈ ಚಾಚುತ್ತಾರಂತೆ. ಅವಳ ಅಂಗಡಿಯಲ್ಲಿ ಹೆಂಗಸರು ಅಳತೆಯ ಹಲಗೆಯ ಮೇಲೆ ಕಾಲಿಟ್ಟ ಕೂಡಲೇ ಬೆರಳು ಮುದುರಿಕೊಳ್ಳುತ್ತಾರೆ. ಕಾಲಾದರೆ ಚಿಕ್ಕದಿರಬೇಕು, ಕೈಯಾದರೆ ದೊಡ್ಡದಿರಬೇಕು, ಇರುವಷ್ಟೇ ಇದ್ದರೆ ಯಾರಿಗೂ ಸಾಲದು. ನಾದಿನಿ ಈ ಕೋಣೆಯಲ್ಲಿ, ಇದೇ ಮೇಜಿನ ಮುಂದೆ, ಬೆರಳು ಬಿಚ್ಚಿ ನರ ಉಬ್ಬುವಂತೆ ಕೈ ಚಾಚಿ ನಿಂತದ್ದು ಅವಳ ಕಣ್ಣಿಗೆ ಕಟ್ಟಿತು; ಪಾಪ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಬೇಡ ಅನ್ನಲ್ಲ. ಕೊಡುವವರಿಗೆ ಬೇಡವಾದದ್ದನ್ನು ಹಾಕಲು ಮನೆಯಲ್ಲಿ ಒಂದು ಜಾಗ ಇರುತ್ತದೆ, ಮೆಟ್ಟಿಲ ಕೆಳಗೋ ಅಟ್ಟದ ಮೂಲೆಯಲ್ಲೋ. ಈ ಮನೆಯಲ್ಲಿ ಆ ಜಾಗ ತಾನು. ಎರಡು ವರ್ಷ ನೋವನ್ನು ಋಣ ಎಂದುಕೊಂಡು ಹೊತ್ತಳಲ್ಲ, ಚೆಂಡು ಸರಿಯಿಲ್ಲ ಎಂದರೆ ಪ್ರೀತಿ ಸರಿಯಿಲ್ಲ ಎಂದಂತಾಗುತ್ತದೆ ಎಂದು ಹೆದರಿದಳಲ್ಲ, ಆ ಎರಡು ವರ್ಷವೂ ನಾದಿನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಪಂದ್ಯದಲ್ಲಿ "ಅತ್ತಿಗೆ, ಕೈ ತೋರಿಸಿ" ಎನ್ನುತ್ತಿದ್ದಳು. ಈಗಲೇ ಹೋಗಿ ಎಲ್ಲರೆದುರು ಕೇಳಿಬಿಟ್ಟರೆ? ಕೇಳಿದರೆ ನಾದಿನಿ ಅಳುತ್ತಾಳೆ, ಗಂಡ ಸಮಾಧಾನ ಮಾಡುತ್ತಾನೆ, ಬದಲಿ ಮೂರನೆಯ ಆಟ ಆಡುತ್ತಾಳೆ. ಅದಾಗಕೂಡದು. ಮೊದಲು ಆಟ. ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ.

ಕೊರಕನಿಗೆ ಸುಮ್ಮನೆ ತಲೆಯಾಡಿಸಿ ಹೊರಗೆ ಬಂದಳು. ಗೋಡೆಯ ಉದ್ದಕ್ಕೂ ಹಾಲ್‌ನ ಸಾರ್ವಜನಿಕ ಚೆಂಡುಗಳ ಕಪಾಟು, ಬಾಡಿಗೆ ಶೂ ಹಾಕಿಕೊಂಡು ರಜಾದಿನ ಕಳೆಯಲು ಬಂದವರು ಎತ್ತಿಕೊಳ್ಳುವಂಥವು. ಕಿತ್ತಳೆ, ಗುಲಾಬಿ, ಹಸಿರು. ಎಲ್ಲದರ ಮೇಲೂ ಗೀರು, ಒಂದೆರಡಕ್ಕೆ ಯಾರೋ ನಗುಮುಖ ಬರೆದಿದ್ದರು. ಲೀಗ್ ಆಡುವವರು ಇವನ್ನು ಮುಟ್ಟುವುದಿಲ್ಲ. ಮುಟ್ಟಬಾರದೆಂದು ನಿಯಮವೇನಿಲ್ಲ, ಮರ್ಯಾದೆ ಅಷ್ಟೆ. ಅವಳು ಚೀಲ ಕೆಳಗಿಟ್ಟು ಒಂದೊಂದನ್ನೇ ಎತ್ತಿ ನೋಡತೊಡಗಿದಳು. ಮೊದಲನೆಯದು ತೀರ ಸಡಿಲ. ಎರಡನೆಯದರ ಅಂಚು ಚೂಪು. ಹಸಿರಿನದಕ್ಕೆ ಭಾರ ಸಾಲದು. ಅವಸರವಿದ್ದರೂ ಅವಸರ ಮಾಡಲಿಲ್ಲ. ಅಂಗಡಿಗೆ ಬಂದ ಗಿರಾಕಿ ತಾನೇ, ಸ್ಟೂಲಿನ ಮೇಲೆ ಕೂತವಳೂ ತಾನೇ. ಹಾಕಿ ನೋಡು. ಕೈ ಇಳಿಬಿಡು. ನೋಯುತ್ತಾ? ಸುಳ್ಳು ಹೇಳಬೇಡ. ಕೆಳಗಿನ ಸಾಲಿನಲ್ಲಿ ಒಂದು ಕಿತ್ತಳೆ ಚೆಂಡು ಸಿಕ್ಕಿತು, ಮೂರು ತೂತೂ ಒಂದಕ್ಕೊಂದು ಹತ್ತಿರ. ಊದಿದ ಹೆಬ್ಬೆರಳು ಬುಡದವರೆಗೆ ಹೋಗಿ, ಅಲ್ಲಿ ಆರಾಮವಾಗಿ ಕೂತಿತು. ತಿರುಗಿಸಿದರೆ ತಿರುಗಿತು. ತೆಗೆದರೆ ಬಂತು. ಅಷ್ಟೇ ಸಾಕಿತ್ತು, ಅಷ್ಟು ಸಣ್ಣ ಸಂಗತಿಗೆ ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ತಿಳಿಯದೆ ತೋಳಿನಿಂದ ಒರೆಸಿಕೊಂಡಳು.

ಕಿತ್ತಳೆ ಚೆಂಡನ್ನು ಅಪ್ಪಿಕೊಂಡು, ನೀಲಿ ಚೆಂಡಿನ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಅವಳು ಬರುವುದನ್ನು ಮೊದಲು ಕಂಡವರು ಬೇಕರಿಯವರು. ಒಬ್ಬ ಇನ್ನೊಬ್ಬನನ್ನು ಮೊಣಕೈಯಲ್ಲಿ ತಿವಿದ. ನಾದಿನಿಯ ಮುಖ ಬಿಳಿಚಿಕೊಂಡಿತು.

"ಅತ್ತಿಗೆ, ಇದು ಬಾಡಿಗೆಯವರ ಚೆಂಡು."

"ಹೌದು."

"ಫೈನಲ್‌ನಲ್ಲಿ ಇದನ್ನ ಹಾಕ್ತೀರಾ? ಎಲ್ಲರೂ ನೋಡ್ತಿದ್ದಾರೆ."

"ನೋಡಲಿ. ಆ ಚೆಂಡು ನನಗೆ ಆಗಲ್ಲ. ಇದು ಆಗುತ್ತೆ."

"ಇವಳು ರೆಡಿ ಇದ್ದಾಳೆ, ನಾನು ಆಗಲೇ ಹೇಳಿಬಿಟ್ಟಿದ್ದೀನಿ—"

"ನನ್ನನ್ನ ಕೇಳಿರಲಿಲ್ಲವಲ್ಲ." ಅವಳು ಬದಲಿಯ ಕಡೆ ತಿರುಗಿ, "ನಿಮ್ಮ ಮೇಲೆ ನನಗೇನೂ ಇಲ್ಲ. ಇವತ್ತು ನಾನು ಆಡ್ತೀನಿ," ಎಂದಳು. ಬದಲಿ ಒಮ್ಮೆ ನಾದಿನಿಯನ್ನು, ಒಮ್ಮೆ ಅವಳನ್ನು ನೋಡಿ, ಬಗ್ಗಿ ಶೂ ದಾರ ಸಡಿಲಿಸಿಕೊಂಡಳು. ಅವಳಿಗೂ ಒಂದು ಭಾರ ಇಳಿದಂತಿತ್ತು. ಗಂಡ ಬಾಯಿ ತೆರೆದ. ಕಿತ್ತಳೆ ಚೆಂಡಿನ ಮೇಲೆ ಒಂದು ಒಳ್ಳೆಯ ಮಾತು ಅವನ ನಾಲಿಗೆಯ ತುದಿಗೆ ಬಂದಿದ್ದು ಕಾಣುತ್ತಿತ್ತು. ಅವಳು ಅವನನ್ನೇ ನೋಡುತ್ತ ನಿಂತಳು, ಹೇಳು ನೋಡೋಣ ಎಂಬಂತೆ. ಅವನು ಟವೆಲು ಮಡಿಚತೊಡಗಿದ.

ಮೂರನೆಯ ಆಟ ಸಿನಿಮಾದಲ್ಲಿ ಆಗುವಂತೆ ಆಗಲಿಲ್ಲ. ಮೊದಲ ಚೆಂಡು ನೇರ ಪಕ್ಕದ ಗಟಾರಕ್ಕೆ ಬಿತ್ತು, ಒಂದು ಪಿನ್ನೂ ಬೀಳಲಿಲ್ಲ. ಕೈಗೆ ಎಳೆಸಿಕೊಂಡೇ ಅಭ್ಯಾಸವಾಗಿತ್ತು. ಎಳೆಯುವವರು ಇಲ್ಲದಾಗ ಅದು ತಾನಾಗಿ ಅದುಮಿ ಹಿಡಿಯುತ್ತಿತ್ತು. ಬೇಕರಿಯವರ ಬೆಂಚಿನಿಂದ ಯಾರೋ ಕೆಮ್ಮಿದರು. ಎರಡನೆಯ ಸರದಿಯಲ್ಲೂ ಮೂರೋ ನಾಲ್ಕೋ. ನಾದಿನಿ ಪರದೆಯ ಅಂಕಿ ನೋಡಿ ಬದಲಿಯ ಕಡೆ ತಿರುಗಿದಳು. ಹಿಂದಾಗಿದ್ದರೆ ಇಷ್ಟು ಹೊತ್ತಿಗೆ ಅವಳು ತಿರುಗಿ, ನೀವೇ ಸರಿ, ಇವಳೇ ಆಡಲಿ ಎಂದು ಕೈ ಮುಗಿದು ಕೂತುಬಿಡುತ್ತಿದ್ದಳು. ಹಾಗೆ ಕೂರುವುದರಲ್ಲಿ ಅವಳಿಗೆ ಒಂದು ಕೊಳಕು ಸುಖವೂ ಇತ್ತು, ನೋಡಿ ನಾನು ಎಷ್ಟು ಸುಲಭ ಎಂದು. ಚೆಂಡು ಯಂತ್ರದ ಬಾಯಿಂದ ಹೊರಳಿಕೊಂಡು ವಾಪಸು ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬೀಳಿಸಿಬಿಡು, ಎಂದುಕೊಂಡಳು. ಹಿಡಿಯಬೇಡ, ಕೈಯಿಂದ ಬಿದ್ದರೆ ಬೀಳಲಿ, ಕಾಲ ಮೇಲೆ ಬಿದ್ದರೂ ಬೀಳಲಿ. ನಾಲ್ಕು ಹೆಜ್ಜೆ ನಡೆದು, ಕೈಯನ್ನು ತೊಟ್ಟಿಲು ತೂಗಿದಷ್ಟೇ ಬಲದಿಂದ ಹಿಂದಕ್ಕೂ ಮುಂದಕ್ಕೂ ಬಿಟ್ಟಳು, ಹೆಬ್ಬೆರಳು ಯಾವಾಗ ಹೊರಗೆ ಬಂತೋ ಗೊತ್ತೇ ಆಗಲಿಲ್ಲ. ಚೆಂಡು ಲೇನ್ ಮೇಲೆ ಇಳಿದ ಸದ್ದೂ ಬರಲಿಲ್ಲ. ಮಧ್ಯದವರೆಗೆ ನೇರ ಹೋಗಿ, ಆಮೇಲೆ ಮನಸ್ಸು ಬದಲಾಯಿಸಿದಂತೆ ಒಂದಿಷ್ಟು ಒಳಕ್ಕೆ ಬಾಗಿ, ಹತ್ತೂ ಪಿನ್ನು ಬಿದ್ದವು. ಅವಳು ಗೆರೆಯ ಹತ್ತಿರವೇ ನಿಂತು, ಮೇಲಿಂದ ಇಳಿದ ಸಲಾಕೆ ಬಿದ್ದ ಪಿನ್ನುಗಳನ್ನು ಗುಡಿಸಿಕೊಂಡು ಹೋಗುವುದನ್ನು ಕೊನೆಯವರೆಗೆ ನೋಡಿದಳು. ಸಂತೋಷ ಎಂದರೆ ಇದೇ ಇರಬೇಕು, ಇಷ್ಟು ಸದ್ದಿಲ್ಲದ್ದು.

ಆಮೇಲೆ ಅವಳು ಕೆಟ್ಟದಾಗಿ ಆಡಲಿಲ್ಲ. ಬೆರಳು ನೋಯುತ್ತಲೇ ಇತ್ತು, ಎರಡು ಆಟದ ಊತ ಒಂದು ಚೆಂಡು ಬದಲಾಯಿಸಿದ್ದಕ್ಕೆ ಇಳಿಯುವುದಿಲ್ಲ, ಆದರೆ ಇನ್ನಷ್ಟು ಊದಲಿಲ್ಲ. ಅಂತರ ಕರಗುತ್ತ ಬಂತು. ನಾದಿನಿ ಎಂದಿನಂತೆ ಚೆನ್ನಾಗಿ ಆಡಿದಳು, ಗಂಡ ಎಂದಿಗಿಂತ ಚೆನ್ನಾಗಿ ಆಡಿದ. ಕೊನೆಯ ಸರದಿ ಅವಳದು. ಮೊದಲ ಎಸೆತಕ್ಕೆ ಎಂಟು ಬಿದ್ದು, ಬಲತುದಿಯಲ್ಲಿ ಎರಡು ಉಳಿದವು. ಅವೆರಡೂ ಬಿದ್ದು, ಕೊನೆಯ ಸರದಿಯ ನಿಯಮದಂತೆ ಇನ್ನೊಂದು ಎ‌ಸೆತ ಸಿಕ್ಕಿ, ಅದೂ ಚೆನ್ನಾದರೆ ಗೆಲುವು. ಚೆಂಡಿಗಾಗಿ ಕಾಯುತ್ತಿದ್ದಾಗ ನಾದಿನಿ ಪಕ್ಕಕ್ಕೆ ಬಂದಳು. ತನ್ನ ಹೊಸ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಅತ್ತಿಗೆ, ಇದೊಂದಕ್ಕೆ ನನ್ನದು ತಗೊಳ್ಳಿ. ನೇರ ಹೋಗುತ್ತೆ. ದಯವಿಟ್ಟು." ಅವಳ ಕಣ್ಣಲ್ಲಿ ನಿಜವಾದ ಆಸೆಯಿತ್ತು, ಕೊಡುವುದರ ಆಸೆಯೋ ಗೆಲ್ಲುವುದರದೋ, ಪ್ರಾಯಶಃ ಅವಳಿಗೂ ಗೊತ್ತಿರಲಿಲ್ಲ.

"ಬೇಡ," ಎಂದಳು.

ಕಿತ್ತಳೆ ಚೆಂಡನ್ನು ಎತ್ತಿ, ನಡೆದು, ಬಿಟ್ಟಳು. ಬೆರಳು ಹಗುರವಾಗಿ ಹೊರಬಂತು. ಒಂದು ಪಿನ್ನು ಬಿತ್ತು. ಪಕ್ಕದ್ದು ಗಿರ್ರನೆ ತಿರುಗಿ, ಓಲಾಡಿ, ಬೀಳಲೋ ಬೇಡವೋ ಎಂದು ಎಲ್ಲರ ಉಸಿರು ಹಿಡಿಸಿ, ನಿಂತುಬಿಟ್ಟಿತು.

ಸೋತರು. ಬೇಕರಿಯವರು ಒಬ್ಬರನ್ನೊಬ್ಬರು ಎತ್ತಿ ಕುಣಿದರು. ಪರದೆಯ ಮೇಲೆ ಅಂಕಿಗಳು ನಿಂತವು. ಅವಳು ತನ್ನೊಳಗೆ ಆ ಹಳೆಯ ಅಪರಾಧಿ ಭಾವಕ್ಕಾಗಿ ಹುಡುಕಿದಳು, ಅದು ಬರುವ ದಾರಿ ಅವಳಿಗೆ ಚೆನ್ನಾಗಿ ಗೊತ್ತು, ಹೊಟ್ಟೆಯಿಂದ ಎದೆಗೆ, ಎದೆಯಿಂದ ಕಣ್ಣಿಗೆ. ಬರಲಿಲ್ಲ. ಬೇಸರ ಮಾತ್ರ ಇತ್ತು, ಶುದ್ಧ ಬೇಸರ, ಆ ಒಂದು ಪಿನ್ನಿನ ಮೇಲೆ. ಬೇಕರಿಯವರಲ್ಲಿ ಹಿರಿಯನಾದವನು ಕೈ ಕುಲುಕಲು ಬಂದ. ಜೀವನವಿಡೀ ಹಿಟ್ಟು ನಾದಿದ ಕೈ. ಅವಳ ಕೈಯನ್ನು ಪೂರ್ತಿ ಒಳಗೆ ತೆಗೆದುಕೊಂಡು, ಸಂತೋಷಕ್ಕೆ ಹಿಂಡಿದ. "ಚೆನ್ನಾಗಿ ಆಡಿದ್ರಿ ಕಣಮ್ಮ, ಆ ಕಿತ್ತಳೆ ಚೆಂಡಲ್ಲಿ ನಮಗೆ ನೀರಿಳಿಸಿಬಿಟ್ರಿ!"

"ಬಿಡಿ," ಎಂದಳು ಅವಳು, ಅಂಗಡಿಯಲ್ಲಿ ಮಾತಾಡುವ ದನಿಯಲ್ಲಿ, ಬೆಂಚಿನ ಕೊನೆಯವರೆಗೂ ಕೇಳಿಸುವಂತೆ. "ಕೈ ಬಿಡಿ, ನೋಯ್ತಿದೆ."

ಅವನು ಬೆಂಕಿ ಮುಟ್ಟಿದವನಂತೆ ಬಿಟ್ಟು, ತಪ್ಪಾಯಿತು ತಪ್ಪಾಯಿತು ಎಂದು ಅವಳ ಬೆರಳನ್ನು ಬಗ್ಗಿ ನೋಡಿ, ಅಯ್ಯೋ ಎಂದ. ಆಗ ಗಂಡನೂ ಬಗ್ಗಿ ನೋಡಿದ. ಎರಡು ವರ್ಷದಲ್ಲಿ ಅವನು ಆ ಬೆರಳನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲಿರಬೇಕು. ಮುಖದ ಮೇಲಿನ ತಮಾಷೆ ಪೂರ್ತಿ ಇಳಿದುಹೋಗಿ ಅವನು ಬೇರೆ ಯಾರೋ ಆಗಿ ಕಂಡ.

"ಇಷ್ಟು ನೋಯ್ತಿತ್ತಾ? ಯಾವಾಗಿಂದ?"

ಅವಳು ಗಂಡನ ಕಡೆ ತಿರುಗಲಿಲ್ಲ. ನಾದಿನಿಯನ್ನು ನೋಡಿದಳು.

"ಇವಳು ಚೆಂಡು ಕೊಟ್ಟ ದಿನದಿಂದ."

ಪಕ್ಕದ ಲೇನ್‌ನಲ್ಲಿ ಯಾರದೋ ಪಿನ್ನುಗಳು ಉರುಳಿದವು. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾದಿನಿ ಕೇಳಬಹುದಿತ್ತು. ಕೇಳಿದ್ದರೆ ಅವಳ ಬಳಿ ಉತ್ತರ ತಯಾರಿತ್ತು. ನಾದಿನಿ ಕೇಳಲಿಲ್ಲ. ಬಲಗೈಯ ಹೆಬ್ಬೆರಳನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡು, ಅಷ್ಟು ಎತ್ತರದವಳು ಹೆಗಲು ಇಳಿಬಿಟ್ಟು ನಿಂತಳು. "ನನಗೂ ನೋಯ್ತಿತ್ತು ಅತ್ತಿಗೆ," ಎಂದಳು ಆಮೇಲೆ, ನೆಲಕ್ಕೆ ಹೇಳುವಂತೆ.

"ಗೊತ್ತು."

ನಾದಿನಿ ತಲೆಯೆತ್ತಿ ಅವಳನ್ನು ನೋಡಿದಳು, ಕೊರಕನ ಕೋಣೆಯ ಕಡೆ ನೋಡಿದಳು. ನಂತರ ಬಗ್ಗಿ, ಬೆಂಚಿನ ಕೆಳಗಿದ್ದ ನೀಲಿ ಚೆಂಡಿನ ಚೀಲವನ್ನು ಎಳೆದು, ಎರಡು ಕೈ ಹಾಕಿ ಎತ್ತಿ ಹೆಗಲಿಗೇರಿಸಿಕೊಂಡಳು. ಅದರ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿದಳು.

"ಇದನ್ನ ನಾನು ತಗೊಂಡು ಹೋಗ್ತೀನಿ."

ಅಯ್ಯೋ ಪರವಾಗಿಲ್ಲ, ಕೊಡು ಇಲ್ಲಿ ಎಂಬ ಮಾತು ಅವಳ ಬಾಯಿಯವರೆಗೂ ಬಂತು. ಅಷ್ಟೇ ಅಲ್ಲ, ಕೈಯೂ ಮುಂದೆ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು.

"ತಗೊಂಡು ಹೋಗು," ಎಂದಳು.